‘ಬರೇ ರೊಟ್ಟಿ’ಯಿಂದ ಶುರುವಾದ ಪಾಠ

ಬೋಧನಾಭ್ಯಾಸದ ಎರಡನೇ ವಾರ. ಆರನೇ ತರಗತಿಗೆ ‘ಆಹಾರದ ಘಟಕಗಳು’ ಪಾಠ. ಪೀಠಿಕೆಗೆಂದು ಬಾಣಸಿಗರೊಬ್ಬರು ಊರೂರು ಸುತ್ತಿ ಅಡುಗೆ ತೋರಿಸುವ ಟಿವಿ ಕಾರ್ಯಕ್ರಮದ ನಾಲ್ಕು ನಿಮಿಷದ ತುಣುಕನ್ನು ಆರಿಸಿಕೊಂಡೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪಾಠ ಗೆದ್ದಿತು ಎಂದುಕೊಂಡೆ. ತುಣುಕು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯನ್ನು, “ನಿಮ್ಮ ಮನೆಯ ವಿಶೇಷ ಅಡುಗೆ ಏನು?” ಎಂದು ಕೇಳಿದೆ. ಆಕೆ ತಲೆ ತಗ್ಗಿಸಿ, “ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ ಸರ್, ಬರೇ ರೊಟ್ಟಿ” ಎಂದಳು.

ಪಾಠ ವೀಕ್ಷಿಸಿದ ಮಾರ್ಗದರ್ಶಕರು ನನ್ನ ವಹಿಯಲ್ಲಿ ಒಂದೇ ಪ್ರಶ್ನೆ ಬರೆದರು: “ಆ ನಾಲ್ಕು ನಿಮಿಷದಲ್ಲಿ ಮಕ್ಕಳು ಕಲಿತದ್ದೇನು?” ಉತ್ತರ ನನಗೆ ಗೊತ್ತಿತ್ತು. ತಮ್ಮ ಮನೆಯ ಊಟ ಟಿವಿಗೆ ತಕ್ಕದ್ದಲ್ಲ ಎಂಬುದನ್ನು ಕಲಿತಿದ್ದರು. ಕಲಿಸಿದವನು ನಾನೇ.

ದೋಷ ತುಣುಕಿನದಲ್ಲ, ನಾನು ಅದನ್ನು ಬಳಸಿದ ರೀತಿಯದು. ಇಂಥ ಕಾರ್ಯಕ್ರಮಗಳ ರಚನೆಯನ್ನೇ ನಾನು ಗಮನಿಸಿರಲಿಲ್ಲ. 1993ರಲ್ಲಿ ಜೀ ಟಿವಿಯಲ್ಲಿ ಆರಂಭವಾದ, ಸಂಜೀವ್ ಕಪೂರ್ ಅವರನ್ನು ಮನೆಮಾತಾಗಿಸಿದ ‘ಖಾನಾ ಖಜಾನಾ’ದಲ್ಲಿ ಬಾಣಸಿಗರೇ ಗುರು. ಅವರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಪ್ರವಾಸದ ಕಾರ್ಯಕ್ರಮಗಳಲ್ಲಿ ಇದು ತಿರುಗುಮುರುಗಾಗುತ್ತದೆ. 2019ರಲ್ಲಿ ಆರಂಭವಾದ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯ ‘ಅನ್‌ಚಾರ್ಟೆಡ್’ ಸರಣಿಗಾಗಿ ಗಾರ್ಡನ್ ರಾಮ್ಸೆ ನಮ್ಮ ಕೊಡಗಿಗೂ ಬಂದಿದ್ದರು. ಆ ಸರಣಿಯಲ್ಲಿ ಜಗತ್ಪ್ರಸಿದ್ಧ ಬಾಣಸಿಗ ಸ್ಥಳೀಯರ ಒಲೆಯ ಮುಂದೆ ವಿದ್ಯಾರ್ಥಿ. ಅವರಿಂದ ಕಲಿಯುತ್ತಾರೆ, ಕೊನೆಗೆ ತಾವು ಮಾಡಿದ್ದನ್ನು ಅವರಿಗೇ ಬಡಿಸಿ ‘ಹೇಗಿದೆ?’ ಎಂದು ಕೇಳುತ್ತಾರೆ. ಕೇಳು, ಮಾಡು, ಬಲ್ಲವರಿಂದ ತಿದ್ದಿಸಿಕೊ. ತರಗತಿಗೆ ತರಬೇಕಾದದ್ದು ಈ ಮೂರು ಹೆಜ್ಜೆಗಳನ್ನು. ನಾನು ತಂದದ್ದು ಚಿತ್ರವನ್ನು ಮಾತ್ರ.

ಎರಡನೆಯ ಪಾಠಕ್ಕೆ ತುಣುಕು ಬಿಟ್ಟೆ. ಹಿಂದಿನ ದಿನ ಮಕ್ಕಳಿಗೆ ಮೂರು ಪ್ರಶ್ನೆ ಕೊಟ್ಟು ತಮ್ಮ ಮನೆಯ ಅಡುಗೆಮನೆಗೇ ‘ಪ್ರವಾಸ’ ಕಳಿಸಿದೆ: ಮೊದಲು ಏನು ಮಾಡುತ್ತಾರೆ? ಯಾವಾಗ ಕೆಡುತ್ತದೆ? ಕೆಟ್ಟರೆ ಏನು ಮಾಡುತ್ತಾರೆ? ಮರುದಿನ ಪರಾತ, ಜೋಳದ ಹಿಟ್ಟು ಇಟ್ಟುಕೊಂಡು ತಣ್ಣೀರು ಹಾಕಿ ನಾದತೊಡಗಿದೆ. ನನಗೆ ರೊಟ್ಟಿ ತಿಂದು ಗೊತ್ತು, ಬಡಿದು ಗೊತ್ತಿಲ್ಲ. ಬಡಿಯುತ್ತಿದ್ದಂತೆ ಅಂಚು ಸೀಳಿತು, ನಡುವೆ ಹರಿಯಿತು. ತರಗತಿ ಗೊಳ್ಳೆಂದು ನಕ್ಕಿತು. ‘ಬರೇ ರೊಟ್ಟಿ’ ಎಂದಿದ್ದ ಹುಡುಗಿ ಎದ್ದು ನಿಂತಳು: “ಸರ್, ಎಸರು ಹಾಕಿ ನಾದಬೇಕ್ರಿ. ತಣ್ಣೀರಿಗೆ ಜಿಗಿ ಬರೂದಿಲ್ರಿ.”

ಪಾಠದ ಕೇಂದ್ರ ಪ್ರಶ್ನೆ ಅವಳ ಬಾಯಿಂದಲೇ ಬಂತು: ಗೋಧಿಗೆ ತಣ್ಣೀರು ಸಾಕು, ಜೋಳಕ್ಕೆ ಕುದಿಯುವ ಎಸರೇ ಏಕೆ? ಗೋಧಿ ಹಿಟ್ಟಿನ ಪ್ರೋಟೀನುಗಳು ನೀರು ಸೇರಿ ನಾದಿದಾಗ ಗ್ಲುಟೆನ್ ಎಂಬ ಬಲೆಯಾಗುತ್ತವೆ. ಆ ಬಲೆ ಹಿಟ್ಟನ್ನು ಹಿಡಿದಿಡುತ್ತದೆ, ಹಿಗ್ಗಿಸಿದರೆ ಹಿಗ್ಗುತ್ತದೆ. ಜೋಳದಲ್ಲಿ ಪ್ರೋಟೀನ್ ಇದೆ, ಆದರೆ ಈ ಬಲೆ ಆಗುವುದಿಲ್ಲ. ಹಾಗಾಗಿ ಕೆಲಸ ಪಿಷ್ಟದ ಮೇಲೆ ಬೀಳುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಅವ್ವಂದಿರು ‘ಜಿಗಿ’ ಎನ್ನುವುದು ಇದನ್ನೇ. ಎಸರನ್ನು ನಾನೇ ಹಾಕಿದೆ, ಮಕ್ಕಳನ್ನು ದೂರ ನಿಲ್ಲಿಸಿ. ಹಿಟ್ಟು ಆರಿದ ಮೇಲೆ ಎರಡೂ ಮುದ್ದೆಗಳನ್ನು ಮಕ್ಕಳೇ ಮುಟ್ಟಿ, ಎಳೆದು ನೋಡಿದರು. ಬಳಿಕ ಬೇರೆ ತೆಗೆದಿಟ್ಟ ಚಿಟಿಕೆ ಹಿಟ್ಟಿಗೆ ಅಯೋಡಿನ್ ದ್ರಾವಣ ಹಾಕಿದಾಗ ಅದು ಕಡುನೀಲಿಗೆ ತಿರುಗಿತು. ‘ಪಿಷ್ಟ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ನಾನು ಬರೆದದ್ದು ಆಗಲೇ.

ಟಿವಿ ತುಣುಕನ್ನು ಬಳಸಲೇಬಾರದೆಂದಲ್ಲ. ಅದರ ಮಿತಿ ತಿಳಿದಿರಬೇಕು. ಕಾಯುವುದು, ಕೆಡುವುದು, ಮತ್ತೆ ಮಾಡುವುದು ಸಂಕಲನದಲ್ಲಿ ಬಹುಮಟ್ಟಿಗೆ ಕತ್ತರಿಸಿ ಹೋಗುತ್ತವೆ. ವಿಜ್ಞಾನದ ‘ಏಕೆ’ ಇರುವುದು ಅಲ್ಲೇ. ಆದ್ದರಿಂದ ತುಣುಕು ಎರಡು ನಿಮಿಷ ಮೀರದಿರಲಿ. ತೋರಿಸುವ ಮೊದಲೇ ನೋಡಬೇಕಾದ ಒಂದು ಅಂಶ ಹೇಳಿ. ಮುಗಿದ ಮೇಲೆ “ಇಲ್ಲಿ ತೋರಿಸದೆ ಬಿಟ್ಟದ್ದೇನು?” ಎಂದು ಕೇಳಿ. “ನಿಮ್ಮ ಮನೆಯ ವಿಶೇಷವೇನು?” ಎಂಬ ನನ್ನ ಪ್ರಶ್ನೆ ಮಾತ್ರ ಬೇಡ. ಅದು ಬಡ ಮಗುವಿನ ಬಾಯಿ ಕಟ್ಟುತ್ತದೆ. “ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತಾರೆ?” ಎಂದರೆ ಎಲ್ಲರ ಬಳಿಯೂ ಉತ್ತರ ಇರುತ್ತದೆ.

ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆ. ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಹರಿದ ರೊಟ್ಟಿಯ ಮುಂದೆ.

ಗಂಟೆ ಬಾರಿಸಿದ ಮೇಲೆ ಆ ಹುಡುಗಿ ಮೇಜಿನ ಬಳಿ ಬಂದು ನನ್ನ ಎರಡನೇ ರೊಟ್ಟಿಯನ್ನು ನೋಡಿದಳು. “ಇನ್ನೂ ದಪ್ಪ ಆಗೇತ್ರಿ ಸರ್” ಎಂದಳು. ಈ ಸಲ ತಲೆ ತಗ್ಗಿಸಿರಲಿಲ್ಲ.