ಮನೆಯ ಧ್ವನಿಮುದ್ರಣಕ್ಕೆ ತಕ್ಕ ಹೆಡ್‌ಫೋನು

ಮನೆಯ ಕೋಣೆಯಲ್ಲಿಯೇ ಹಾಡನ್ನು ಮುದ್ರಿಸಿಕೊಳ್ಳುವ ಹವ್ಯಾಸ ಇಂದು ವಿದ್ಯಾರ್ಥಿಗಳಲ್ಲಿ ಹಬ್ಬಿದೆ. ಅಂಥ ಕೋಣೆಯೊಂದು ಬೆಂಗಳೂರಿನ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಬದಿಯಲ್ಲಿದೆಯೆಂದು ಭಾವಿಸೋಣ. ಅಲ್ಲಿ 2011ರ ಅಕ್ಟೋಬರ್ 20ರಿಂದ ಮೆಟ್ರೋ ರೈಲು ಎತ್ತರದ ಸೇತುವೆಯ ಮೇಲೆ ಓಡುತ್ತಿದೆ. ಕೆಳಗೆ ವಾಹನಗಳ ಸದ್ದು. ಹಾಡುವವನು ಶ್ರುತಿತಾಳಗಳನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಬೇಕು. ಆ ಶಬ್ದವು ಹೊರಕ್ಕೆ ಸೋರಿದರೆ ಎದುರಿನ ಮೈಕು ಅದನ್ನೂ ಹಿಡಿಯುತ್ತದೆ. ಹಾಡಿನೊಡನೆ ಒಮ್ಮೆ ಬೆರೆತುದನ್ನು ಬೇರ್ಪಡಿಸುವುದು ಬಹು ಕಷ್ಟ.

ಸೋರುವುದೇಕೆ? ಹೆಡ್‌ಫೋನಿನೊಳಗೆ ತೆಳುವಾದ ಪೊರೆಯೊಂದಿದೆ. ಅದಕ್ಕೆ ಅಂಟಿಸಿದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ, ಅಯಸ್ಕಾಂತದ ಪ್ರಭಾವದಿಂದ ಪೊರೆಯು ಹಿಂದಕ್ಕೂ ಮುಂದಕ್ಕೂ ಕಂಪಿಸುತ್ತದೆ. ಆದುದರಿಂದ ಶಬ್ದವು ಕಿವಿಯ ಕಡೆಗಲ್ಲದೆ ಬೆನ್ನಿನ ಕಡೆಗೂ ಹೊರಡುತ್ತದೆ. ಬೆನ್ನು ತೆರೆದಿದ್ದರೆ ಅದು ಕೋಣೆಯಲ್ಲಿ ಹರಡುವುದು. ಮುಚ್ಚಿದ್ದರೆ ಬಹುಮಟ್ಟಿಗೆ ಬಟ್ಟಲಿನಲ್ಲಿಯೇ ಅಡಗುವುದು. ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಉಂಟು: ಬಟ್ಟಲಿನೊಳಗೆ ಪ್ರತಿಫಲಿಸಿದ ಶಬ್ದದಿಂದ ಕೆಲವು ಸ್ವರಗಳು ಉಬ್ಬಿ ಕೇಳಬಹುದು. ಆದ್ದರಿಂದ ಮುದ್ರಿಸಿದ್ದನ್ನು ಬೇರೊಂದು ಸ್ಪೀಕರಿನಲ್ಲಿಯೂ ಕೇಳಿ ನೋಡಬೇಕು.

ಕೊಳ್ಳುವಾಗ ಮೊದಲು ಪರೀಕ್ಷಿಸಬೇಕಾದುದು ಮೆತ್ತೆಯನ್ನು. ಅದು ಕಿವಿಯ ಸುತ್ತಲೂ ಸಂದಿಲ್ಲದೆ ಕೂರಬೇಕು. ಸಂದಿದ್ದರೆ ಮಂದ್ರಸ್ವರಗಳು ಸೊರಗುತ್ತವೆ. ಕನ್ನಡಕವುಳ್ಳವರು ಅದನ್ನು ಧರಿಸಿಯೇ ಪರೀಕ್ಷಿಸಲಿ. ಎರಡನೆಯದು, ಓಮ್‌ಗಳಲ್ಲಿ ಅಳೆಯುವ ವಿದ್ಯುತ್ತಡೆ. ಬೆಯರ್‌ಡೈನಾಮಿಕ್ ಸಂಸ್ಥೆಯ ಡಿಟಿ 770 ಪ್ರೊ ಎಂಬುದು 250 ಓಮ್‌ಗಳ ರೂಪದಲ್ಲಿಯೂ ತಯಾರಾಗಿದೆ. ಸಾಮಾನ್ಯ ಮೊಬೈಲು ಫೋನಿಗೆ ಅದನ್ನು ಸಾಕಷ್ಟು ಗಟ್ಟಿಯಾಗಿ ನುಡಿಸುವ ಶಕ್ತಿ ಸಾಲದು. ಆಡಿಯೋ-ಟೆಕ್ನಿಕಾದ ಅಗ್ಗದ ಎಂ20ಎಕ್ಸ್‌ನ ತಡೆ 47 ಓಮ್. ಆರಂಭದವರಿಗೆ ಇಂಥದು ಸಾಕು. ಪೆಟ್ಟಿಗೆಯ ಮೇಲೆ ‘15ರಿಂದ 20,000 ಹರ್ಟ್ಸ್’ ಎಂದಿರುವುದನ್ನು ಕಂಡು ಮಾತ್ರ ಮರುಳಾಗಬಾರದು. ಆ ಎಲ್ಲೆಯೊಳಗೆ ಸ್ವರಗಳು ಸಮವಾಗಿ ಕೇಳುವುವೇ ಎಂಬುದನ್ನು ಅದು ತಿಳಿಸದು.

ಹೆಡ್‌ಫೋನು ಕಾಯುವುದು ಕಿವಿಯನ್ನು, ಮೈಕನ್ನಲ್ಲ ಎಂಬುದೂ ನೆನಪಿರಲಿ. ರೈಲಿನ ಸದ್ದು ನಿಮಗೆ ಕೇಳದಿದ್ದರೂ ಮುದ್ರಣದಲ್ಲಿ ಸೇರಬಹುದು. ಹಾಡುವ ಮುನ್ನ ಒಂದು ನಿಮಿಷದ ಬರಿಯ ಮೌನವನ್ನು ಮುದ್ರಿಸಿ ಕೇಳಿದರೆ ಕೋಣೆಯ ಗುಣ ತಿಳಿಯುತ್ತದೆ.

ಗದ್ದಲವನ್ನು ಮೀರಲು ಶಬ್ದವನ್ನು ಏರಿಸುವುದು ಮನುಷ್ಯನ ಸಹಜ ಪ್ರವೃತ್ತಿ, ಅಪಾಯವಿರುವುದೂ ಅಲ್ಲಿಯೇ. ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿಯೆಂದು ಅಮೆರಿಕದ ವೃತ್ತಿ ಆರೋಗ್ಯ ತಜ್ಞರು ಸೂಚಿಸಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲಾವಧಿ ಅರ್ಧಕ್ಕಿಳಿಯುತ್ತದೆ. 94 ಡೆಸಿಬೆಲ್ಲಿಗೆ ಒಂದೇ ಗಂಟೆ. ಚೆನ್ನಾಗಿ ಕೂರುವ ಮೆತ್ತೆಯು ಸಣ್ಣ ಶಬ್ದದಲ್ಲಿಯೇ ಹಾಡನ್ನು ಕೇಳಿಸುತ್ತದೆ. ಹೆಡ್‌ಫೋನು ಹಾಳಾದರೆ ಮತ್ತೊಂದನ್ನು ಕೊಳ್ಳಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾದರೆ ಮತ್ತೆ ಹುಟ್ಟುವುದಿಲ್ಲ.