ರತ್ನಪರೀಕ್ಷೆ ಮತ್ತು ಶಿಲಾಗ್ರಂಥಗಳು

ಕಲ್ಲು ಎಂಬ ಮಾತು ನಮ್ಮ ನುಡಿಯಲ್ಲಿ ಜಡತೆಗೆ ಪರ್ಯಾಯವಾಗಿದೆ. ಕಲ್ಲೆದೆಯವನೆಂದರೆ ಕರುಣೆಯಿಲ್ಲದವನು, ಕಲ್ಲಿನಂತೆ ಕುಳಿತನೆಂದರೆ ಚಲನವಿಲ್ಲದೆ ಕುಳಿತನೆಂದೇ ಅರ್ಥ. ಹೀಗಿದ್ದರೂ ಈ ಜಡವಸ್ತುವನ್ನು ಕುರಿತು ಮಾನವನು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಗ್ರಂಥಗಳನ್ನು ರಚಿಸುತ್ತ ಬಂದಿದ್ದಾನೆ. ರಾಜನ ಭಂಡಾರದ ಅಧಿಕಾರಿ, ವೈದ್ಯ, ಗಣಿಗಾರ, ರತ್ನಪಡಿ ವ್ಯಾಪಾರಿ, ಜ್ಯೋತಿಷಿ, ವಿಜ್ಞಾನಿ ಇವರೆಲ್ಲರೂ ಕಲ್ಲಿನ ಪುಸ್ತಕಗಳನ್ನು ಬರೆದವರೇ, ಓದಿದವರೇ. ಈ ಗ್ರಂಥರಾಶಿಯಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ, ವಿದ್ಯಾಶಾಲೆಯೊಂದರ ಗ್ರಂಥಭಂಡಾರದಲ್ಲಿ ಇರಬೇಕಾದುದು ಯಾವುದು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಂಸ್ಕೃತದಲ್ಲಿ ಈ ವಿದ್ಯೆಗೆ ರತ್ನಶಾಸ್ತ್ರವೆಂಬ ಹೆಸರಿದ್ದರೂ ಅದರ ಗ್ರಂಥಗಳು ಹೆಚ್ಚಾಗಿ 'ರತ್ನಪರೀಕ್ಷಾ' ಎಂಬ ಹೆಸರನ್ನೇ ಧರಿಸಿರುವುದು ಗಮನಾರ್ಹ. ರತ್ನವರ್ಣನೆಯಲ್ಲ, ರತ್ನಸ್ತುತಿಯಲ್ಲ, ಪರೀಕ್ಷೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಭಂಡಾರಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಕೋಶಾಧ್ಯಕ್ಷನು ತಾನೊಬ್ಬನೇ ನಿರ್ಣಯಿಸದೆ, ಆಯಾ ವಸ್ತುವನ್ನು ಬಲ್ಲವರೊಡಗೂಡಿ ರತ್ನಗಳನ್ನು ಸ್ವೀಕರಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ತಾಳೆಯೋಲೆಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದವರು ನಮ್ಮವರೇ ಆದ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಉತ್ತಮವಾದ ವಜ್ರವು ಭಾರವಾಗಿರಬೇಕು, ಪೆಟ್ಟನ್ನು ತಡೆಯಬೇಕು, ಪಾತ್ರೆಯ ಮೇಲೆ ಗೀರು ಮೂಡಿಸಬೇಕು ಎಂದು ಕೌಟಿಲ್ಯನು ಹೇಳುತ್ತಾನೆ. ಕ್ರಿ.ಶ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳಿಗೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಅವನ ಮತದಂತೆ ಒಳ್ಳೆಯ ವಜ್ರವು ಹಗುರವಾಗಿರುತ್ತದೆ, ನೀರಿನಲ್ಲಿ ತೇಲುತ್ತದೆ. ಇಬ್ಬರೂ ಮಹಾಪಂಡಿತರು. ಒಬ್ಬನು ಭಾರವೆಂದರೆ ಮತ್ತೊಬ್ಬನು ಹಗುರವೆನ್ನುತ್ತಾನೆ. ಓದುಗನು ಯಾರನ್ನು ನಂಬಬೇಕು? ಇದಕ್ಕೆ ವ್ಯಾಖ್ಯಾನದ ಬಲದಿಂದ ಸಮನ್ವಯವನ್ನು ಸಾಧಿಸುವುದು ನಮ್ಮಂತಹ ಪಂಡಿತರಿಗೆ ಕಷ್ಟದ ಕೆಲಸವಲ್ಲ. ಆದರೆ ಒಂದು ಬಟ್ಟಲು ನೀರು ಆ ವಿವಾದವನ್ನು ಕ್ಷಣಮಾತ್ರದಲ್ಲಿ ತೀರಿಸುತ್ತದೆ. ವಜ್ರವು ತನ್ನ ಗಾತ್ರದಷ್ಟೇ ನೀರಿಗಿಂತ ಮೂರೂವರೆ ಪಟ್ಟು ತೂಗುವ ವಸ್ತು, ಅದು ಮುಳುಗುತ್ತದೆ. ಹಾಗೆಂದು ಕೌಟಿಲ್ಯನ ಮಾತೂ ಪೂರ್ಣವಾಗಿ ನಿಲ್ಲುವುದಿಲ್ಲ. ವಜ್ರಕ್ಕೆ ಕಾಠಿಣ್ಯವಿದೆ, ಅಂದರೆ ಬೇರಾವ ಖನಿಜವೂ ಅದನ್ನು ಗೀರಲಾರದು; ಆದರೆ ನಾಲ್ಕು ನಿಯತ ದಿಕ್ಕುಗಳಲ್ಲಿ ಅದು ಸುಲಭವಾಗಿ ಸೀಳುತ್ತದೆ. ಸುತ್ತಿಗೆಯಿಂದ ಹೊಡೆದು ಪರೀಕ್ಷಿಸಿದವನಿಗೆ ದಿಟವಾದ ವಜ್ರದ ಪುಡಿಯೇ ಉಳಿದೀತು.

ಇದರಿಂದ ಪ್ರಾಚೀನ ಗ್ರಂಥಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅವುಗಳ ಪದರಗಳನ್ನು ಬಿಡಿಸಿ ನೋಡಬೇಕೆಂಬುದಷ್ಟೇ ಅಭಿಪ್ರಾಯ. ರತ್ನಶಾಸ್ತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳನ್ನು ಕಾಣಬಹುದು: ಲಕ್ಷಣ, ಪರೀಕ್ಷೆ, ಮೌಲ್ಯ, ಫಲ. ಕಲ್ಲಿನ ಬಣ್ಣ, ಆಕಾರ, ದೋಷಗಳನ್ನು ಹೇಳುವುದು ಲಕ್ಷಣಭಾಗ. ದಿಟವಾದುದನ್ನೂ ಕೃತಕವನ್ನೂ ವಿಂಗಡಿಸುವುದು ಪರೀಕ್ಷಾಭಾಗ. ತೂಕಕ್ಕೆ ತಕ್ಕ ಬೆಲೆಯನ್ನು ಕಟ್ಟುವುದು ಮೌಲ್ಯಭಾಗ. ಧರಿಸಿದವನಿಗೆ ಒದಗುವ ಶುಭಾಶುಭಗಳನ್ನು ಹೇಳುವುದು ಫಲಭಾಗ. ಬುದ್ಧಭಟ್ಟನ 'ರತ್ನಪರೀಕ್ಷೆ'ಯಲ್ಲಿಯೂ ಅದರೊಡನೆ ಬಹುಮಟ್ಟಿಗೆ ಹೊಂದುವ ಗರುಡಪುರಾಣದ ರತ್ನಾಧ್ಯಾಯಗಳಲ್ಲಿಯೂ ಈ ನಾಲ್ಕೂ ಬೆರೆತಿವೆ. ವಜ್ರದ ಸಾಚಾತನವನ್ನು ಕ್ಷಾರದಿಂದಲೂ, ಗೀರಿನಿಂದಲೂ, ಸಾಣೆಯಿಂದಲೂ ಪರೀಕ್ಷಿಸಬೇಕೆಂದು ಗರುಡಪುರಾಣವು ಹೇಳುತ್ತದೆ. ಗೀರಿನ ಪರೀಕ್ಷೆ ಇಂದಿಗೂ ಖನಿಜಶಾಸ್ತ್ರದ ಮೊದಲ ಪಾಠವಾಗಿ ಉಳಿದಿದೆ. ಮೌಲ್ಯಭಾಗವು ಆಯಾ ಕಾಲದ ಪೇಟೆಯೊಡನೆ ಸವೆದುಹೋಯಿತು. ಫಲಭಾಗವು ಪರೀಕ್ಷೆಗೆ ಸಿಕ್ಕದೆ ನಂಬಿಕೆಯಾಗಿಯೇ ಉಳಿಯಿತು.

ಕನ್ನಡನಾಡಿನಲ್ಲಿಯೂ ಈ ವಿದ್ಯೆಗೆ ಮನ್ನಣೆಯಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ವಿಶ್ವಕೋಶ. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಮತ್ತೊಂದು ಹೆಸರು. ಅದರ ಎರಡನೆಯ ವಿಂಶತಿಯಲ್ಲಿ ರಾಜ್ಯದ ಅಂಗಗಳನ್ನು ವಿವರಿಸುವಾಗ, ಕೋಶದ ಪ್ರಸಂಗದಲ್ಲಿ ರತ್ನಪರೀಕ್ಷೆಯು ಬಂದಿದೆ. ರಾಜ್ಯವಾಳುವವನಿಗೆ ಕಲ್ಲಿನ ತಿಳಿವಳಿಕೆ ಅಲಂಕಾರವಲ್ಲ, ಆಡಳಿತದ ಒಂದು ಭಾಗವೆಂಬುದು ಆ ದೊರೆಯ ಅಭಿಪ್ರಾಯವಾಗಿತ್ತು.

ಈಗ ಹೊರನಾಡುಗಳತ್ತ ದೃಷ್ಟಿ ಹಾಯಿಸೋಣ. ಕ್ರಿ.ಶ. ೭೯ರಲ್ಲಿ ವೆಸೂವಿಯಸ್ ಅಗ್ನಿಪರ್ವತದ ಆಸ್ಫೋಟದ ಕಾಲದಲ್ಲಿ ಮೃತನಾದ ರೋಮಿನ ಪ್ಲಿನಿಯು ಮೂವತ್ತೇಳು ಸಂಪುಟಗಳ ನಿಸರ್ಗ ಚರಿತ್ರೆಯನ್ನು ಬರೆದನು. ಅದರ ಕೊನೆಯ ಸಂಪುಟವು ರತ್ನಗಳನ್ನು ಕುರಿತದ್ದು. ಭಾರತೀಯರು ಸ್ಫಟಿಕಕ್ಕೆ ಬಣ್ಣವೇರಿಸಿ ಬೇರೆ ರತ್ನಗಳನ್ನು ಅನುಕರಿಸುತ್ತಿದ್ದರೆಂದು ಅವನು ಎಚ್ಚರಿಸಿದ್ದಾನೆ. ಆಡಿನ ರಕ್ತದಲ್ಲಿ ನೆನೆಸಿದರೆ ವಜ್ರವು ಒಡೆಯುವುದೆಂದೂ ಅವನೇ ಬರೆದಿದ್ದಾನೆ. ಈ ಮಾತನ್ನು ಪರೀಕ್ಷಿಸದೆ ಶತಮಾನಗಳ ಕಾಲ ಯುರೋಪಿನ ಲೇಖಕರು ಒಬ್ಬರಿಂದೊಬ್ಬರು ನಕಲು ಮಾಡುತ್ತ ಹೋದರು. ಪುಸ್ತಕವನ್ನು ಪುಸ್ತಕದಿಂದಲೇ ಬರೆಯುವ ರೋಗವು ಯಾವ ಒಂದು ದೇಶದ ಸ್ವತ್ತೂ ಅಲ್ಲ.

ಈ ರೋಗಕ್ಕೆ ಮದ್ದನ್ನು ತೋರಿದವರಲ್ಲಿ ಹನ್ನೊಂದನೆಯ ಶತಮಾನದ ಅಲ್‌ಬಿರೂನಿ ಅಗ್ರಗಣ್ಯನು. ಭಾರತದ ವಿದ್ಯೆಗಳನ್ನೂ ಅಭ್ಯಾಸಮಾಡಿ ಬರೆದ ಈತನು ಕಲ್ಲುಗಳನ್ನು ಕುರಿತು ಪ್ರತ್ಯೇಕ ಗ್ರಂಥವನ್ನು ರಚಿಸಿದನು. ರತ್ನಗಳನ್ನೂ ಲೋಹಗಳನ್ನೂ ನೀರಿನಲ್ಲಿ ಮುಳುಗಿಸಿ ಅವುಗಳ ವಿಶಿಷ್ಟ ಗುರುತ್ವವನ್ನು ಅಳೆದನು. ಮರಕತವನ್ನು ಕಂಡ ಸರ್ಪದ ಕಣ್ಣು ಕುರುಡಾಗುವುದೆಂಬ ಮಾತು ಅವನ ಕಾಲದಲ್ಲಿ ಸರ್ವಮಾನ್ಯವಾಗಿತ್ತು. ಅಲ್‌ಬಿರೂನಿಯು ತಿಂಗಳುಗಟ್ಟಲೆ ಹಾವಿನ ಮೇಲೆ ಮರಕತವನ್ನು ಪ್ರಯೋಗಿಸಿ ನೋಡಿ, ಅದರ ಕಣ್ಣಿಗೆ ಏನೂ ಆಗಲಿಲ್ಲವೆಂದು ನಿರ್ವಿಕಾರವಾಗಿ ಬರೆದಿಟ್ಟನು.

ಗ್ರಂಥಗಳಂತೆ ರತ್ನಗಳ ಹೆಸರುಗಳೂ ದೇಶಾಂತರ ಹೋಗಿವೆ. ನಮ್ಮ ವೈಡೂರ್ಯವು ಪ್ರಾಕೃತದಲ್ಲಿ 'ವೇಳುರಿಯ' ಆಗಿ, ಗ್ರೀಕರ ಬಾಯಲ್ಲಿ 'ಬೆರಿಲ್ಲೋಸ್' ಆಗಿ, ಇಂಗ್ಲಿಷಿನ 'ಬೆರಿಲ್' ಆಯಿತು. ಜರ್ಮನ್ ಭಾಷೆಯಲ್ಲಿ ಕನ್ನಡಕಕ್ಕಿರುವ 'ಬ್ರಿಲೆ' ಎಂಬ ಹೆಸರೂ ಅದೇ ಮೂಲದ್ದು. ಇದಕ್ಕೆ ಪ್ರತಿಯಾಗಿ 'ಮರಕತ'ವು ಗ್ರೀಕರ 'ಸ್ಮರಾಗ್ದೋಸ್' ಶಬ್ದದೊಡನೆ ನಂಟುಳ್ಳದ್ದು. ತಮಿಳಿನ 'ಕುರುಂದಂ', ಸಂಸ್ಕೃತದ 'ಕುರುವಿಂದ' ಇವುಗಳ ಬಳಗದಿಂದ 'ಕೊರಂಡಮ್' ಎಂಬ ಶಾಸ್ತ್ರೀಯ ನಾಮ ಹುಟ್ಟಿತು. ಆದರೆ ಹೆಸರು ಉಳಿದಂತೆ ಅರ್ಥವು ಉಳಿಯುವುದಿಲ್ಲ. ಇಂದು ವೈಡೂರ್ಯವೆಂದರೆ ಪೇಟೆಯಲ್ಲಿ ಬೆಕ್ಕಿನ ಕಣ್ಣಿನಂತಹ ಹೊಳಪುಳ್ಳ ಬೇರೊಂದು ಕಲ್ಲು. ಆದ್ದರಿಂದ ಹಳೆಯ ಗ್ರಂಥದ ಹೆಸರನ್ನು ಹೊಸ ಕಲ್ಲಿಗೆ ಅಂಟಿಸುವ ಮುನ್ನ ಪಂಡಿತನೂ ವಿಜ್ಞಾನಿಯೂ ಜೊತೆಗೂಡಿ ವಿಚಾರಿಸಬೇಕು.

ಪ್ರಾಚೀನರು ಕಲ್ಲುಗಳನ್ನು ಹೆಚ್ಚಾಗಿ ಬಣ್ಣದಿಂದ ವಿಂಗಡಿಸಿದರು. ಬಣ್ಣವಾದರೋ ಬಹುಸಲ ಕಲ್ಲಿನ ಮನೆಗೆ ಬಂದ ಅತಿಥಿ. ಮಾಣಿಕ್ಯವೂ ನೀಲವೂ ಒಂದೇ ಕುರುಂದದ ಎರಡು ರೂಪಗಳು. ಅಲ್ಯುಮಿನಿಯಂ ಮತ್ತು ಆಮ್ಲಜನಕಗಳ ಈ ಸಂಯುಕ್ತದಲ್ಲಿ ಕ್ರೋಮಿಯಂ ಲೇಶಮಾತ್ರ ಸೇರಿದರೆ ಕೆಂಪು. ಕಬ್ಬಿಣ ಮತ್ತು ಟೈಟಾನಿಯಂಗಳು ಸೇರಿದರೆ ನೀಲಿ. ಅದೇ ರೀತಿ ಒಂದೇ ಕೆಂಪು ಬಣ್ಣದ ಎರಡು ಕಲ್ಲುಗಳು ಬೇರೆ ಬೇರೆ ಜಾತಿಯವಾಗಿರಬಹುದು. ಬ್ರಿಟಿಷ್ ರಾಜಕಿರೀಟದಲ್ಲಿ 'ಕಪ್ಪು ರಾಜಕುಮಾರನ ಮಾಣಿಕ್ಯ'ವೆಂದು ಪ್ರಸಿದ್ಧವಾದ ಕಲ್ಲು ಮಾಣಿಕ್ಯವೇ ಅಲ್ಲ; ಅದು ಸ್ಪಿನೆಲ್ ಎಂಬ ಬೇರೆ ಖನಿಜ.

ಬಣ್ಣದಿಂದ ಗುಣಕ್ಕೆ, ಗುಣದಿಂದ ಅಂತರಂಗದ ರಚನೆಗೆ ಶಾಸ್ತ್ರವು ಸಾಗಿಬಂದ ದಾರಿಯನ್ನು ಕೆಲವು ಗ್ರಂಥಗಳಲ್ಲಿಯೇ ಗುರುತಿಸಬಹುದು. ಗಣಿಯೂರುಗಳಲ್ಲಿ ವೈದ್ಯನಾಗಿದ್ದ ಜರ್ಮನಿಯ ಅಗ್ರಿಕೋಲನು ೧೫೪೬ರಲ್ಲಿ ಖನಿಜಗಳ ಸ್ವರೂಪವನ್ನು ಕುರಿತು ಬರೆದು, ಬಣ್ಣದ ಜೊತೆಗೆ ರುಚಿ, ವಾಸನೆ, ತೂಕ, ಕಾಠಿಣ್ಯಗಳನ್ನೂ ಪರಿಗಣಿಸಿದನು. ಗಣಿಗಾರಿಕೆಯನ್ನು ಕುರಿತ ಅವನ ಸಚಿತ್ರ ಮಹಾಗ್ರಂಥವು ೧೫೫೬ರಲ್ಲಿ, ಅವನು ಕಾಲವಾದ ಮರುವರ್ಷ, ಪ್ರಕಟವಾಯಿತು. ಅದನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದು ೧೯೧೨ರಲ್ಲಿ ಪ್ರಕಟಿಸಿದವರು, ಮುಂದೆ ಅಮೆರಿಕದ ಅಧ್ಯಕ್ಷನಾದ ಹರ್ಬರ್ಟ್ ಹೂವರ್ ಮತ್ತು ಅವನ ಪತ್ನಿ ಲೂ ಹೆನ್ರಿ ಹೂವರ್. ೧೬೬೯ರಲ್ಲಿ ಸ್ಟೆನೋ ಎಂಬ ಡೇನಿಷ್ ವಿದ್ವಾಂಸನು, ಸ್ಫಟಿಕವು ಚಿಕ್ಕದಿರಲಿ ದೊಡ್ಡದಿರಲಿ, ಅನುರೂಪವಾದ ಮುಖಗಳ ನಡುವಣ ಕೋನವು ಬದಲಾಗದೆಂದು ತೋರಿಸಿದನು. ೧೮೦೧ರಲ್ಲಿ ಹೊರಬಂದ ಫ್ರಾನ್ಸಿನ ಹಾಯ್ ಎಂಬ ಪಾದ್ರಿಯ ಖನಿಜಶಾಸ್ತ್ರಗ್ರಂಥವು, ಸೂಕ್ಷ್ಮವಾದ ಘಟಕಗಳು ಇಟ್ಟಿಗೆಯಂತೆ ಸಾಲುಗೂಡಿ ಸ್ಫಟಿಕವಾಗುತ್ತವೆ ಎಂಬ ವಿವರಣೆಯನ್ನು ನೀಡಿತು. ೧೯೧೨ರ ಅನಂತರ ಎಕ್ಸ್ ಕಿರಣಗಳ ನೆರವಿನಿಂದ ಲೌವೆ ಮತ್ತು ಬ್ರಾಗ್ ತಂದೆಮಕ್ಕಳು ನಡೆಸಿದ ಪ್ರಯೋಗಗಳು ಪರಮಾಣುಗಳ ಕ್ರಮಬದ್ಧ ಜೋಡಣೆಯನ್ನೇ ಬಯಲಿಗೆ ತಂದವು.

ಇವೆಲ್ಲಕ್ಕಿಂತ ಶಾಲೆಗೆ ಹತ್ತಿರವಾದುದು ಜರ್ಮನ್ ವಿದ್ವಾಂಸ ಮೋಸ್ ೧೮೧೨ರಲ್ಲಿ ಕಲ್ಪಿಸಿದ ಕಾಠಿಣ್ಯದ ಶ್ರೇಣಿ. ಹತ್ತು ಖನಿಜಗಳನ್ನು ಅವನು ಮೆದುವಿನಿಂದ ಗಟ್ಟಿಗೆ ಸಾಲಾಗಿ ನಿಲ್ಲಿಸಿದನು: ಟಾಲ್ಕ್, ಜಿಪ್ಸಮ್, ಕ್ಯಾಲ್ಸೈಟ್, ಫ್ಲೋರೈಟ್, ಅಪಟೈಟ್, ಆರ್ಥೋಕ್ಲೇಸ್, ಬೆಣಚು, ಪುಷ್ಯರಾಗ, ಕುರುಂದ, ವಜ್ರ. ಪ್ರತಿಯೊಂದೂ ತನಗಿಂತ ಹಿಂದಿನದನ್ನು ಗೀರುತ್ತದೆ, ಮುಂದಿನದರಿಂದ ಗೀರಿಸಿಕೊಳ್ಳುತ್ತದೆ. ಉಗುರಿನ ಕಾಠಿಣ್ಯ ಸುಮಾರು ಎರಡೂವರೆ; ಚಾಕುವಿನ ಅಲಗಿನದೂ ಗಾಜಿನದೂ ಸುಮಾರು ಐದೂವರೆ. ಆದುದರಿಂದ ಗಾಜನ್ನು ಗೀರುವ ಬಿಳಿಯ ಕಲ್ಲು ಬೆಣಚಾಗಿರಬಹುದು, ಕ್ಯಾಲ್ಸೈಟ್ ಆಗಿರಲಾರದು. ಈ ಶ್ರೇಣಿಯ ಮೊದಲ ಮೆಟ್ಟಿಲಾದ ಟಾಲ್ಕ್ ನಮ್ಮ ಬಳಪದ ಕಲ್ಲಿನ ಮುಖ್ಯ ಘಟಕ. ಮಗುವು ಸ್ಲೇಟಿನ ಮೇಲೆ ಮೊದಲ ಅಕ್ಷರವನ್ನು ತಿದ್ದುವಾಗ ಮೆದುವಾದ ಬಳಪ ಸವೆದು, ಗಟ್ಟಿಯಾದ ಹಲಗೆ ಉಳಿಯುತ್ತದೆ. ಅಕ್ಷರಾಭ್ಯಾಸವೇ ಖನಿಜಶಾಸ್ತ್ರದ ಮೊದಲ ಪ್ರಯೋಗವೂ ಆಗಿದೆ.

ಪ್ರಸ್ತುತ ಕಾಲದಲ್ಲಿ ದೊರೆಯುವ ಗ್ರಂಥಗಳನ್ನು ಮೂರು ವರ್ಗಗಳಾಗಿ ನೋಡಬಹುದು. ಮೊದಲನೆಯದು, ಬಯಲಿನಲ್ಲಿ ಕೈಯಲ್ಲಿ ಹಿಡಿದು ನಡೆಯತಕ್ಕ ಪರಿಚಯಗ್ರಂಥ. ೧೯೫೩ರಲ್ಲಿ ಮೊದಲು ಪ್ರಕಟವಾದ ಫ್ರೆಡರಿಕ್ ಪೌ ಎಂಬವರ ಕೈಪಿಡಿ ಇದಕ್ಕೆ ನಿದರ್ಶನ. ಎರಡನೆಯದು ಪಠ್ಯಗ್ರಂಥ. ಜೇಮ್ಸ್ ಡ್ವೈಟ್ ಡೇನಾ ತನ್ನ ಖನಿಜಪದ್ಧತಿಯನ್ನು ೧೮೩೭ರಲ್ಲಿ, ಇಪ್ಪತ್ತನಾಲ್ಕರ ಹರೆಯದಲ್ಲಿ ಪ್ರಕಟಿಸಿದನು. ೧೮೪೮ರ ಅವನ ಕೈಪಿಡಿಯು ತಲೆಮಾರಿನಿಂದ ತಲೆಮಾರಿಗೆ ಪರಿಷ್ಕಾರಗೊಳ್ಳುತ್ತ ೨೦೦೭ರಲ್ಲಿ ಇಪ್ಪತ್ತಮೂರನೆಯ ಆವೃತ್ತಿಯನ್ನು ಕಂಡಿತು. ಮೂರನೆಯದು ವಿದ್ವಾಂಸರ ಆಕರಗ್ರಂಥ. ಡೀರ್, ಹೋವಿ, ಜುಸ್ಮನ್ ಎಂಬ ಮೂವರು ೧೯೬೦ರ ದಶಕದ ಆರಂಭದಲ್ಲಿ ಐದು ಸಂಪುಟಗಳಲ್ಲಿ ಹೊರತಂದ, ಶಿಲೆಗಳನ್ನು ರೂಪಿಸುವ ಖನಿಜಗಳ ಗ್ರಂಥವು ಇಂತಹದು. ನಮ್ಮ ನಾಡಿನ ಶಿಲೆಗಳನ್ನೇ ಅರಿಯಬಯಸುವವರಿಗೆ ಬೆಂಗಳೂರಿನ ಭಾರತೀಯ ಭೂವೈಜ್ಞಾನಿಕ ಸಂಘವು ಪ್ರಕಟಿಸಿದ ಬಿ. ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ ಅವರ ಕರ್ನಾಟಕದ ಭೂವಿಜ್ಞಾನಗ್ರಂಥವಿದೆ.

ಈ ಮೂರಕ್ಕೂ ಸೇರದ ನಾಲ್ಕನೆಯ ಬಗೆಯೊಂದು ಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಾರಾಟವಾಗುತ್ತದೆ. ಅದು ಲಕ್ಷಣ, ಪರೀಕ್ಷೆಗಳನ್ನು ಕೈಬಿಟ್ಟು ಫಲಭಾಗವನ್ನು ಮಾತ್ರ ಬೆಳೆಸಿದ ಪುಸ್ತಕ. ಇಂತಹ ರಾಶಿಗೆ ಇಂತಹ ಹರಳು, ಇಂತಹ ಕಷ್ಟಕ್ಕೆ ಇಂತಹ ಉಂಗುರ ಎಂದಷ್ಟೇ ಹೇಳುವ ಆ ಪುಸ್ತಕವನ್ನು ನಂಬಿ, ಸಾಲಮಾಡಿ ಗಾಜಿನ ಚೂರನ್ನು ಕೊಂಡ ಸಂಸಾರಗಳೂ ಉಂಟು. ನಂಬಿಕೆಯ ಮಾತು ಹಾಗಿರಲಿ. ಕೊಂಡದ್ದು ಮಾಣಿಕ್ಯವೋ ಗಾಜೋ ಎಂಬುದನ್ನಾದರೂ ತಿಳಿಸದ ಗ್ರಂಥವು ರತ್ನಶಾಸ್ತ್ರವೆಂಬ ಹೆಸರಿಗೆ ಅರ್ಹವಲ್ಲ. ಪ್ರಾಚೀನರ ಫಲವನ್ನು ಉಳಿಸಿಕೊಂಡು ಪ್ರಾಚೀನರ ಪರೀಕ್ಷೆಯನ್ನು ಬಿಟ್ಟವನು ಪರಂಪರೆಯ ಅರ್ಧವನ್ನು, ಅದರಲ್ಲಿಯೂ ಬಲವಾದ ಅರ್ಧವನ್ನು, ಕಳೆದುಕೊಂಡಂತೆ.

ಉತ್ತಮ ಗ್ರಂಥವು ಪರೀಕ್ಷೆಯ ಮಿತಿಯನ್ನೂ ಹೇಳುತ್ತದೆ. ಫ್ರಾನ್ಸಿನ ವರ್ನೈ ಎಂಬವನು ೧೯೦೨ರಲ್ಲಿ ಕುಲುಮೆಯ ಉರಿಯಲ್ಲಿ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದನು. ಅಂತಹ ಕಲ್ಲಿನ ಕಾಠಿಣ್ಯವೂ ವಿಶಿಷ್ಟ ಗುರುತ್ವವೂ ಗಣಿಯ ಮಾಣಿಕ್ಯದವೇ ಆಗಿರುವುದರಿಂದ ಗೀರೂ ತಕ್ಕಡಿಯೂ ಅಲ್ಲಿ ಸೋಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಬಾಗಿದ ಬೆಳವಣಿಗೆಯ ಗೆರೆಗಳೇ ಅದರ ಗುಟ್ಟನ್ನು ಹೇಳಬೇಕು. ಕೊಯ್ದು ಹೊಳಪುಕೊಟ್ಟ ರತ್ನವನ್ನು ಗೀರಿ ನೋಡಕೂಡದು, ಒರಟು ಕಲ್ಲನ್ನು ಮಾತ್ರ ನೋಡಬಹುದು ಎಂಬ ಎಚ್ಚರಿಕೆಯೂ ಅಂತಹ ಗ್ರಂಥದಲ್ಲಿರುತ್ತದೆ.

ಗ್ರಂಥಭಂಡಾರಕ್ಕೆ ಪುಸ್ತಕವನ್ನು ಆರಿಸುವ ಉಪಾಧ್ಯಾಯರು ಹೊಳೆಯುವ ವರ್ಣಚಿತ್ರಗಳಿಗೆ ಮರುಳಾಗದೆ ಒಂದೇ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಈ ಪುಸ್ತಕವನ್ನು ಓದಿದ ವಿದ್ಯಾರ್ಥಿಯು ಹೆಸರಿಲ್ಲದ ಕಲ್ಲೊಂದನ್ನು ಕೈಗೆತ್ತಿಕೊಂಡಾಗ ಏನು ಮಾಡಬಲ್ಲನು? ಗೀರಿ, ತೂಗಿ, ಅದರ ಪುಡಿಯ ಬಣ್ಣವನ್ನೂ ಅದು ಸೀಳುವ ಬಗೆಯನ್ನೂ ನೋಡಿ ಒಂದು ನಿರ್ಣಯಕ್ಕೆ ಬರಬಲ್ಲನಾದರೆ ಪುಸ್ತಕ ಸಾರ್ಥಕ. ಬೆಲೆಯನ್ನೂ ಹೆಸರನ್ನೂ ಒಪ್ಪಿಸಬಲ್ಲನಷ್ಟೇ ಆದರೆ ಅದು ಕಪಾಟಿನ ಅಲಂಕಾರ.

ವಿದ್ಯಾದಾನಕ್ಕೆ ಕೈನೀಡುವ ಮಹನೀಯರಲ್ಲಿಯೂ ಒಂದು ಬಿನ್ನಹ. ಶಾಲೆಗೆ ಕಲ್ಲಿನ ಪುಸ್ತಕವನ್ನು ಕೊಡುವಾಗ ಅದರ ಜೊತೆಗೆ ಕಲ್ಲುಗಳ ಪೆಟ್ಟಿಗೆಯೊಂದನ್ನೂ ಕೊಡುವುದು ಉಚಿತ. ವಜ್ರವನ್ನು ಬಿಟ್ಟು ಮೋಸನ ಶ್ರೇಣಿಯ ಒಂಬತ್ತು ಖನಿಜಗಳ ಒರಟು ತುಣುಕುಗಳು, ಗಾಜಿನ ಒಂದು ಬಿಲ್ಲೆ, ಮೆರುಗಿಲ್ಲದ ಪಿಂಗಾಣಿಯ ಒಂದು ತುಂಡು, ನೀರಿನಲ್ಲಿ ತೂಗಲು ಒಂದು ಸಣ್ಣ ತಕ್ಕಡಿ ಇಷ್ಟಿದ್ದರೆ ಸಾಕು. ಇದಕ್ಕೆ ತಗಲುವ ವೆಚ್ಚ ಉಂಗುರದ ಒಂದು ಹರಳಿನ ವೆಚ್ಚಕ್ಕಿಂತ ಕಡಮೆಯೇ. ಗುರುವು ಹೇಳಿದ್ದನ್ನೂ ಗ್ರಂಥವು ಹೇಳಿದ್ದನ್ನೂ ಗೌರವದಿಂದ ಕೇಳಿ, ಅನಂತರ ತನ್ನ ಕೈಯಿಂದಲೇ ಪರೀಕ್ಷಿಸಿ ನೋಡುವ ಅಭ್ಯಾಸವು ಆ ಪೆಟ್ಟಿಗೆಯಿಂದ ಒಬ್ಬ ವಿದ್ಯಾರ್ಥಿಗೆ ಬಂದರೂ, ರತ್ನಪರೀಕ್ಷೆ ಎಂಬ ಹಳೆಯ ಹೆಸರು ನಮ್ಮ ಶಾಲೆಗಳಲ್ಲಿ ಅನ್ವರ್ಥವಾಗುತ್ತದೆ.