ನಿದ್ದೆಯ ಮಾತ್ರೆಯೂ ಅಜ್ಜಿಯ ಬಡಬಡಿಕೆಯೂ

ಪ್ರಶ್ನೆ: ಆಸ್ಪತ್ರೆ ಸೇರಿದ ಅಜ್ಜಿ ರಾತ್ರಿ ನಮ್ಮನ್ನೇ ಗುರುತಿಸದೆ ಬಡಬಡಿಸಿದರು. ಔಷಧದಿಂದ ಹೀಗಾಗುತ್ತದೆಯೇ?

ಉತ್ತರ: ಆಗಬಹುದು. ಗಮನಕ್ಕೂ ನೆನಪಿಗೂ ಮಿದುಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕು. ತುರಿಕೆಗೆಂದು ಕೊಡುವ ಏವಿಲ್‌ನಂಥ ಔಷಧಗಳು ಅದರ ಕೆಲಸಕ್ಕೇ ಅಡ್ಡ ಬರುತ್ತವೆ. ಇವುಗಳಿಂದ ಮೂತ್ರವೂ ಕಟ್ಟಬಹುದು, ಹೇಳಿಕೊಳ್ಳಲಾಗದ ಆ ಸಂಕಟದಿಂದ ಗಲಿಬಿಲಿ ಇನ್ನಷ್ಟು ಏರುತ್ತದೆ. ಗಲಾಟೆಯೆಂದು ಅದರ ಮೇಲೆ ನಿದ್ದೆಮಾತ್ರೆ ಕೊಟ್ಟರಂತೂ ಮುಗಿಯಿತು! ಅಂಥದ್ದೇ ಮಾತ್ರೆಯಾದ ಡಯಾಜೆಪಾಮ್ ಮುಪ್ಪಿನ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅದರ ಮಂಪರಿನಲ್ಲಿ ಶೌಚಕ್ಕೆದ್ದವರು ಬಿದ್ದು ಸೊಂಟ ಮುರಿದುಕೊಳ್ಳುವುದುಂಟು. ಹಿರಿಯರಿಗೆ ಆದಷ್ಟು ಕೊಡಬಾರದ ಇಂಥ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲೇ ಮುಂದಿಟ್ಟರು.

ಆದರೆ ಸೋಂಕು, ರಕ್ತದ ಸೋಡಿಯಂ ಕುಸಿತವೂ ಕಾರಣವಿರಬಹುದು. ವೈದ್ಯರಿಗೆ ತಕ್ಷಣ ತಿಳಿಸಿ, ಅಜ್ಜಿ ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ತೋರಿಸಿ. ಬಹುಕಾಲದ ನಿದ್ದೆಮಾತ್ರೆಯನ್ನು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ, ಫಿಟ್ಸ್ ಬಂದೀತು.